ದೀಪದ ಕಡೆಗೆ ಬಿದ್ದ ಹೂ

ಗೌಳಿಗರ ಹೆಣ್ಣುಮಗಳು ತಂದ ಹಾಲಿನಲ್ಲಿ ಬೆರಳದ್ದಿ, ಉಗುರಿನ ಮೇಲೆ ಒಂದು ಹನಿ ಇಟ್ಟು, ಅದು ನಿಂತಿತೋ ಜಾರಿತೋ ಎಂದು ನೋಡುವ ಚಟ ನನಗೆ ಚಿಕ್ಕಂದಿನಲ್ಲೇ ಹತ್ತಿತ್ತು. ನಿಂತರೆ ಗಟ್ಟಿ ಹಾಲು, ಜಾರಿದರೆ ನೀರು. ಹಾಲಿನಿಂದ ಶುರುವಾದದ್ದು ಬರಬರುತ್ತ ಎಲ್ಲದಕ್ಕೂ ಹಬ್ಬಿತು. ಬಳೆಗಾರ 'ಇವು ಒಡೆಯೂದಿಲ್ರಿ' ಅಂದರೆ ಒಂದನ್ನು ನೆಲಕ್ಕೆ ಹಾಕಿ ನೋಡಬೇಕು ಅನಿಸುತ್ತಿತ್ತು. ಯಾರಾದರೂ ಸುಮ್ಮಸುಮ್ಮನೆ ನನ್ನ ತಲೆ ಸವರಿದರೆ, ಇವರಿಗೆ ಈಗ ಏನು ಬೇಕಾಗಿದೆ ಎಂದು ಯೋಚಿಸುತ್ತಿದ್ದೆ. ಮನೆಯಲ್ಲಿ ನನಗೆ ಸಂಶಯಪ್ರಾಣಿ ಎಂದೇ ಹೆಸರು. 'ಕಾಮಾಲಿ ಕಣ್ಣಿಗೆ ಜಗತ್ತೆಲ್ಲ ಹಳದಿ ನೋಡವಾ' ಎಂದು ಅಜ್ಜಿ ಗದರುತ್ತಿದ್ದಳು. ಇರಲಿ. ಇಷ್ಟು ವರ್ಷ ಬಾಳಿದ ಮೇಲೂ ನನ್ನ ಉತ್ತರ ಅದೇ: ಹಳದಿ ಕಂಡದ್ದೆಲ್ಲ ಕಣ್ಣಿನ ದೋಷವಲ್ಲ, ಕೆಲವೊಮ್ಮೆ ವಸ್ತುವೇ ಹಳದಿ ಇರುತ್ತದೆ.

ನಾವು ಧಾರವಾಡದಲ್ಲಿದ್ದೆವು. ಅಜ್ಜಿ, ಅವ್ವ, ನಾನು, ಮೂರು ಹೆಣ್ಣು ಜೀವ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅಪ್ಪನ ತಮ್ಮ, ನಮ್ಮ ಕಾಕಾ, ಹುಬ್ಬಳ್ಳಿಯಲ್ಲಿ ದುರ್ಗದಬೈಲಿನ ಹತ್ತಿರ ರೈತರ ಹತ್ತಿಯನ್ನು ದಲಾಲಿಗೆ ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟಿದ್ದರು. ಆಗಾಗ ರೈಲಿನಲ್ಲಿ ಬಂದು, ಜೋಳ, ಬೆಲ್ಲ, ಶೇಂಗಾ ಇಳಿಸಿ, ಮನೆಯ ಎಲ್ಲ ವಿಷಯಗಳ ಬಗ್ಗೆ ಒಂದೊಂದು ತೀರ್ಮಾನ ಕೊಟ್ಟು ಸಂಜೆಯ ಗಾಡಿಗೆ ಹೋಗುತ್ತಿದ್ದರು. ಅವರು ಕೆಟ್ಟವರಲ್ಲ. ಆದರೆ ಅವರು ಕೊಟ್ಟ ತೀರ್ಮಾನವನ್ನು ಮರಳಿ ತಿರುಗಿಸಿ ನೋಡುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆ ವರ್ಷ ನಾನು ಮುಲ್ಕಿ, ಅಂದರೆ ಏಳನೇ ಇಯತ್ತೆಯ ಪರೀಕ್ಷೆ ಪಾಸಾಗಿದ್ದೆ. ಆಗಿನ್ನೂ ಇಂಗ್ಲಿಷರ ಕಾಲ. ಮುಲ್ಕಿ ಪಾಸಾದ ಹೆಣ್ಣುಮಗಳೆಂದರೆ ಓಣಿಯ ಮಂದಿ ಒಂದು ಸಲ ತಿರುಗಿ ನೋಡುತ್ತಿದ್ದರು. ಶಾಲೆಯ ಬಾಯಾರು, ಅಂದರೆ ನಮ್ಮ ಮುಖ್ಯ ಶಿಕ್ಷಕಿ, ಮನೆಗೇ ಬಂದು, 'ಈಕಿನ್ನ ಟ್ರೇನಿಂಗಿಗೆ ಕಳಸ್ರಿ, ಮಾಸ್ತರಕಿ ಆಗ್ತಾಳ' ಎಂದು ಅವ್ವನಿಗೆ ಹೇಳಿ ಹೋಗಿದ್ದರು. ನನಗೆ ಅವತ್ತಿನಿಂದ ಅದೊಂದೇ ಧ್ಯಾನ. ಕನ್ನಡಿಯ ಮುಂದೆ ನಿಂತು ಇಲ್ಲದ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಅಷ್ಟರಲ್ಲಿ ಕಾಕಾ ಶಿರಗುಪ್ಪಿಯ ಸಂಬಂಧ ತಂದರು.

ಶಿರಗುಪ್ಪಿಯವರದು ಕಪ್ಪು ಮಣ್ಣಿನ ಎರಿ ಹೊಲದ ಮನೆತನ. ದನಕರು, ಹತ್ತಿ, ಹಿತ್ತಲಲ್ಲಿ ಸಿಹಿನೀರ ಬಾವಿ. ಹುಡುಗ ನೋಡಲೂ ಚೆನ್ನಾಗಿದ್ದಾನೆ, ಚಟಗಿಟ ಇಲ್ಲ ಎಂದು ಕಾಕಾ ವರ್ಣಿಸಿದ್ದೇ ವರ್ಣಿಸಿದ್ದು. ನನಗೆ ಒಂದೇ ಪ್ರಶ್ನೆ: ಇಷ್ಟೆಲ್ಲ ಇರುವವರು ಅಪ್ಪನಿಲ್ಲದ ಹುಡುಗಿಯನ್ನು ಹುಡುಕಿಕೊಂಡು ಧಾರವಾಡದವರೆಗೆ ಯಾಕೆ ಬರುತ್ತಾರೆ? ಅದನ್ನು ಕೇಳಿಯೂಬಿಟ್ಟೆ. ಕಾಕಾ ನಕ್ಕು, 'ನಿನ್ನ ಪುಣ್ಯ ಅನ್ನು' ಎಂದರು. ಶಿರಗುಪ್ಪಿಯ ಹತ್ತಿಯೆಲ್ಲ ಇನ್ನು ಮುಂದೆ ಯಾವ ಅಡತಿ ಅಂಗಡಿಗೆ ಬರುತ್ತದೆ ಎಂಬುದು ನನ್ನ ಪುಣ್ಯದಲ್ಲಿ ಸೇರಿತ್ತೋ ಏನೋ, ಅದನ್ನು ಅವರು ಹೇಳಲಿಲ್ಲ.

ನಾನು ಊಟ ಬಿಟ್ಟೆ. ಅವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು; ಅವಳ ಮಾತು ನಮ್ಮ ಮನೆಯಲ್ಲಿ ಒಲೆಯಿಂದಾಚೆ ದಾಟುತ್ತಿರಲಿಲ್ಲ. ಕಾಕಾ ಅಜ್ಜಿಯ ಕಡೆ ತಿರುಗಿ, 'ಅವ್ವಾ, ನಾ ಒತ್ತಾಯ ಮಾಡೂದಿಲ್ಲ. ನಿನ್ನ ದೇವರನ್ನ ಕೇಳೂಣು. ಅಂವ ಏನ ಹೇಳ್ತಾನ ಅದ ಆಖೈರು' ಎಂದರು. ಅಜ್ಜಿಯ ಮುಖ ಅರಳಿತು. ಅಲ್ಲಿಗೆ ನನ್ನ ಕೈಯಿಂದ ವಿಷಯ ಹೋಯಿತು.

ಅಜ್ಜಿಯ ದೇವರೆಂದರೆ ಕೆಲಗೇರಿ ದಾಟಿ ಇನ್ನೂ ಪಡುವಣಕ್ಕೆ ಹೋದರೆ ಸಿಗುವ ಒಂದು ಹಳ್ಳಿಯ ಕಲ್ಲುಗುಡಿಯ ಈಶ್ವರ. ಯಾವ ಕಾಲದ ಗುಡಿಯೋ ಯಾರಿಗೂ ಗೊತ್ತಿಲ್ಲ. ಆ ದೇವರು ಹೂ ಕೊಟ್ಟು ಮಾತಾಡುತ್ತಾನೆ. ಲಿಂಗದ ನೆತ್ತಿಯ ಮೇಲೆ ಪೂಜಾರಿ ಒದ್ದೆ ಮಾಡಿದ ಕಣಗಿಲ ಹೂವನ್ನಿಡಬೇಕು, ಮನೆಯ ಹಿರಿಯರು ಮನಸ್ಸಿನ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕು. ಹೂ ದೇವರ ಬಲಗಡೆ, ಅಂದರೆ ನಂದಾದೀಪ ಇರುವ ಕಡೆ ಬಿದ್ದರೆ ಒಪ್ಪಿಗೆ. ಎಡಗಡೆ, ದೀಪವಿಲ್ಲದ ಕಡೆ ಬಿದ್ದರೆ ಇಲ್ಲ. ಬೀಳದೆ ಅಲ್ಲೇ ಕೂತರೆ, ಈಗ ಬೇಡ, ಇನ್ನೊಂದು ಸೋಮವಾರ ಬಾ. ಮದುವೆ, ಬಾವಿ, ಮನೆಯ ಬುನಾದಿ, ಎತ್ತಿನ ಖರೀದಿ, ಸುತ್ತಲಿನ ಮಂದಿ ಯಾವುದನ್ನೂ ಅವನನ್ನು ಕೇಳದೆ ಮಾಡುತ್ತಿರಲಿಲ್ಲ.

ಅಜ್ಜಿಗೆ ಆ ದೇವರ ಮೇಲೆ ಒಂದು ಹೆಚ್ಚಿನ ಹಕ್ಕು. ಅವಳ ತವರು ಅದೇ ಹಳ್ಳಿ. 'ಅವನ ಬಲಗಡಿ ಹೂವಿನ ಮ್ಯಾಲ ನಾ ಈ ಮನಿಗೆ ಬಂದಾಕಿ' ಎಂದು ಅವಳು ಹೇಳುವಾಗ ಕುತ್ತಿಗೆ ತಾನಾಗಿ ನೆಟ್ಟಗಾಗುತ್ತಿತ್ತು. ಈ ಮನೆಯಲ್ಲಿ ಅವಳು ಸುಖಪಟ್ಟಳೆಂದು ಯಾರೂ ಹೇಳಲಾರರು. ನನ್ನ ಅಜ್ಜನನ್ನು ನಾನು ಕಂಡಿಲ್ಲ, ಆದರೆ ಅವನ ಸಿಟ್ಟಿನ ಗುರುತು ಅಜ್ಜಿಯ ಎಡಹುಬ್ಬಿನ ಮೇಲಿತ್ತು. ಬೆರಳಗಲದ ಬಿಳಿ ಗಾಯದ ಕಲೆ. ಹೊಸ್ತಿಲು ಬಡಿದದ್ದು ಎಂದು ಅವಳು, ತಂಬಿಗೆ ಎಸೆದದ್ದು ಎಂದು ಓಣಿಯವರು. ಹೊಸ್ತಿಲು ಹುಬ್ಬಿನ ತನಕ ಹೇಗೆ ಏರುತ್ತದೆ ಎಂದು ನಾನು ಒಂದು ಸಲ ಕೇಳಿದ್ದಕ್ಕೆ ಅವಳು ವಿಭೂತಿಯನ್ನು ಇನ್ನಷ್ಟು ಅಗಲವಾಗಿ ಹಚ್ಚಿಕೊಂಡಳು. 'ದೇವರು ಕೊಟ್ಟ ಮನಿ. ಬ್ಯಾಸರಾ ಮಾಡ್ಕೋಬಾರದು' ಎಂದು ಮಾತು ಮುಗಿಸಿದಳು. ಅವಳ ಎಲ್ಲ ಮಾತುಗಳೂ ಮುಗಿಯುವುದು ಅಲ್ಲಿಗೇ.

ಸೋಮವಾರ ಹೋಗುವುದೆಂದು ನಿಶ್ಚಯವಾಯಿತು. ಅಷ್ಟರಲ್ಲಿ ನನ್ನ ಕಿವಿಗೆ ಇನ್ನೊಂದು ಸುದ್ದಿ ಬಿತ್ತು. ಕಾಕಾ ಹಿಂದಿನ ವಾರವೇ ಒಬ್ಬರೇ ಆ ಗುಡಿಗೆ ಹೋಗಿ ಬಂದಿದ್ದಾರೆ! ಗಾಡಿಯವನು ನಮ್ಮ ಅಂಗಳದಲ್ಲಿ ನೀರು ಕುಡಿಯುತ್ತ ಹಾಗೇ ಬಾಯಿಬಿಟ್ಟ. 'ಪೂಜಿ ಎಷ್ಟೊತ್ತಿಗೆ ಅಂತ ಕೇಳಾಕ ಹೋಗಿದ್ನಿ' ಎಂದು, ನಾನು ಕೇಳಿದ್ದಕ್ಕೆ ಕಾಕಾ ಅಂದರು. ಪೂಜೆಯ ಹೊತ್ತು ಕೇಳಲು ಹುಬ್ಬಳ್ಳಿಯ ವ್ಯಾಪಾರಿ ಅಂಗಡಿ ಬಿಟ್ಟು ಹೋಗುತ್ತಾನೆಯೇ? ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಮೊದಲೇ ಕೊಟ್ಟಾಗಿದೆ, ಇನ್ನು ದೇವರದಷ್ಟೇ ಬಾಕಿ ಎಂದು ನಾನು ತಿಳಿದೆ. ಅಜ್ಜಿಯ ಮೇಲೂ ನನಗೆ ನಂಬಿಕೆ ಇರಲಿಲ್ಲ. ಎಷ್ಟೆಂದರೂ ಅವಳು ಕಾಕಾನ ಹೆತ್ತ ತಾಯಿ.

ಬೆಳಗಿನ ತಂಪಿನಲ್ಲಿ ಕಮಾನು ಕಟ್ಟಿದ ಚಕ್ಕಡಿ ಹೊರಟಿತು. ಅವ್ವ ರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿ, ಮೊಸರಿನ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ಉಳಿದಳು. ಕಾಕಾ ಮುಂದೆ ಗಾಡಿಯವನ ಪಕ್ಕ ಕೂತರು, ಅಜ್ಜಿ ಮತ್ತು ನಾನು ಒಳಗೆ. ದಾರಿಯುದ್ದಕ್ಕೂ ಕಾಕಾ ಹಿಂದೆ ತಿರುಗಿ ತಿರುಗಿ ಅಜ್ಜಿಗೆ ಪಾಠ ಹೇಳಿದರು. 'ಅವ್ವಾ, ಬರೊಬ್ಬರಿ ಹಿಂಗ ಕೇಳಬೇಕ ನೋಡು: ಶಿರಗುಪ್ಪಿ ಸಂಬಂಧ ನಿನಗ ಒಪ್ಪಿಗಿ ಇದ್ದರ ದೀಪದ ಕಡಿ ಹೂ ಕೊಡು. ಇಷ್ಟ. ಮತ್ತೇನೂ ಸೇರಸಬ್ಯಾಡ.'

'ನನಗ ದೇವರನ್ನ ಕೇಳಾಕ ಕಲಸ್ತೀಯೇನೋ' ಎಂದು ಅಜ್ಜಿ ನಕ್ಕಳು. ಆದರೂ ತುಟಿಯಲ್ಲಿ ಆ ಮಾತನ್ನು ಒಂದು ಸಲ ಅಂದುಕೊಂಡದ್ದನ್ನು ನಾನು ನೋಡಿದೆ.

ಕೆಲಗೇರಿ ಕೆರೆ ಬಂದಾಗ ಅಜ್ಜಿ ಕಮಾನಿನ ಎರಡೂ ಪಕ್ಕದ ಪರದೆಗಳನ್ನು ಇಳಿಬಿಟ್ಟಳು. 'ಧೂಳ ಬರ್ತೈತಿ' ಎಂದಳು. ಕೆರೆಯ ದಂಡೆಯಲ್ಲಿ ನೆಲ ಹಸಿಯಾಗಿತ್ತು, ಧೂಳಿನ ಹೆಸರಿರಲಿಲ್ಲ. ನಾನು ಪರದೆಯ ಸಂದಿನಿಂದ ಇಣುಕಿದೆ. ನೀರು, ಬಟ್ಟೆ ಒಗೆಯುವ ಹೆಂಗಸರು, ದಂಡೆಯ ಆಚೆ ನಾಲ್ಕಾರು ಮನೆಗಳು, ಒಂದು ಹುಣಸೆಮರ. ಇದರಲ್ಲಿ ನೋಡಬಾರದ್ದು ಏನಿದೆ? ಇದನ್ನೂ ನಾನು ಮನಸ್ಸಿನಲ್ಲಿ ಸಂಶಯದ ಗಂಟಿಗೆ ಸೇರಿಸಿಟ್ಟುಕೊಂಡೆ.

ಗುಡಿಯನ್ನು ನಾನು ಕಂಡದ್ದು ಅದೇ ಮೊದಲು. ಹೊರಗಿನಿಂದ ನೋಡಿದರೆ ಹೆಚ್ಚೇನಿಲ್ಲ. ಕಪ್ಪು ಕಲ್ಲು, ಮೊಂಡು ಶಿಖರ, ಗೋಡೆಯ ಸಂದಿಯಲ್ಲಿ ಅರಳಿ ಗಿಡ. ಒಳಗೆ ಕಾಲಿಟ್ಟ ಮೇಲೆ ಮಾತ್ರ ನನ್ನಂಥವಳೂ ಒಂದು ಗಳಿಗೆ ಬಾಯಿ ಮುಚ್ಚಿದಳು. ಮಂಟಪದ ಕಂಬಗಳನ್ನು ಕಲ್ಲಿನಲ್ಲಿ ಮಾಡಿದ್ದಾರೆಂದು ನಂಬುವುದು ಕಷ್ಟ. ಬುಗುರಿಯ ಹಾಗೆ ತಿರುಗಿಸಿ ಕಡೆದಂತೆ ದುಂಡಗೆ, ನುಣ್ಣಗೆ. ಹತ್ತಿರ ಹೋದರೆ ಅದರಲ್ಲಿ ನಮ್ಮದೇ ಮುಖ ಉದ್ದವಾಗಿ ಕಾಣುತ್ತಿತ್ತು. ನೆಲದ ಚಪ್ಪಡಿಗಳು ಮಾತ್ರ ಒಂದು ಕಡೆ ಕುಸಿದಿದ್ದವು. ಗರ್ಭಗುಡಿಯ ಹೊಸ್ತಿಲ ಹತ್ತಿರ ನಿಂತಾಗ ಕಾಲು ತಾನಾಗಿ ದೀಪದ ಕಡೆಗೆ ಎಳೆದ ಹಾಗಾಗುತ್ತಿತ್ತು.

ಪೂಜಾರಿ ತೆಳ್ಳನೆಯ ಮುದುಕ, ಕಿವಿಯ ತುಂಬ ಕೂದಲು. ಕಾಕಾನನ್ನು ಕಂಡ ಕೂಡಲೇ 'ಬರ್ರಿ ಬರ್ರಿ ಸಾವಕಾರ್ರ' ಎಂದು ಅವನು ಎದ್ದು ಬಂದ ರೀತಿಯೇ ನನಗೆ ಸೇರಲಿಲ್ಲ. ನಮಗಿಂತ ಮುಂಚೆ ಬಂದ ಮಂದಿ ಇನ್ನೂ ಇದ್ದರು. ನಮ್ಮ ಸರದಿ ಬರುವವರೆಗೆ ಅವನು ಗುಡಿಯ ಕಥೆ ಹೇಳತೊಡಗಿದ. ಮೊದಲು ಕಾಕಾನಿಗೆ: ಯಾರೋ ಒಬ್ಬ ರಾಜ ಬಂಗಾರ ತುಂಬಿದ ಕೊಪ್ಪರಿಗೆ ಹೂತು ಅದರ ಮೇಲೆ ಈ ಗುಡಿ ಕಟ್ಟಿಸಿದನಂತೆ, ಒಂದೇ ಇರುಳಿನಲ್ಲಿ ಕಟ್ಟಿ ಮುಗಿಸಬೇಕಿತ್ತಂತೆ, ಶಿಖರ ಮುಗಿಯುವ ಮುಂಚೆ ಕೋಳಿ ಕೂಗಿತಂತೆ. ಕಾಕಾ ಕೊಪ್ಪರಿಗೆಯ ವಿಷಯಕ್ಕೆ ಮಾತ್ರ ಕಣ್ಣರಳಿಸಿ, ಅದು ಯಾವ ಮೂಲೆಯಲ್ಲಿ ಎಂದು ಕೇಳಿದರು. ವ್ಯಾಪಾರಿಗೆ ಬಂಗಾರದ ಕಥೆ! ಗಿರಾಕಿ ನೋಡಿ ಬಟ್ಟೆ ಬಿಚ್ಚುವ ಅಂಗಡಿಯವರನ್ನು ನಾನು ದುರ್ಗದಬೈಲಿನಲ್ಲಿ ಬೇಕಾದಷ್ಟು ನೋಡಿದ್ದೆ.

ಆಮೇಲೆ ನನ್ನ ಕಡೆ ತಿರುಗಿ ಅವನು ಇನ್ನೊಂದು ಬಿಚ್ಚಿದ.

'ಲಿಂಗ ನೋಡಿದೇನು ತಂಗಿ? ಸ್ವಲ್ಪ ದೀಪದ ಕಡೆ ವಾಲೇತಿ. ಯಾಕ ಗೊತ್ತೇನು? ಒಂದಾನೊಂದು ಕಾಲಕ್ಕ ಈ ಊರಾಗ ಒಬ್ಬಾಕಿ ಸೊಸಿ ಇದ್ದಳು. ದೇವರನ್ನ ಏನೋ ಕೇಳಬೇಕಂತ ಬಂದಳು. ಹಿಂದ ಅತ್ತಿ ನಿಂತಾಳ, ಗಂಡ ನಿಂತಾನ, ಮಾವ ನಿಂತಾನ. ಬಾಯಿ ಬಿಡಾಕ ಅಂಜಿಕಿ. ದೀಪಕ್ಕ ಎಣ್ಣಿ ಹಾಕೋ ನೆವಾ ಮಾಡಿ ಆ ಕಡೆ ಹೋಗಿ ಪಿಸುಮಾತಿನ್ಯಾಗ ಕೇಳಿದಳು. ಈಶ್ವರಗ ಕೇಳಸಲಿಲ್ಲ. ಅಂವ ಏನ ಮಾಡಿದ? ತಲಿ ಬಾಗಿಸಿದ. ಬಾಗಿಸಿದಾಂವ ಮತ್ತ ಎತ್ತಲಿಲ್ಲ. ಹೆಣ್ಣುಮಕ್ಕಳ ಮಾತ ಕೇಳಾಕ ಇವತ್ತಿಗೂ ಹಂಗ ಕುಂತಾನ.'

ಅಜ್ಜಿ ಕೈಮುಗಿದಳು. ಈ ಕಥೆಯನ್ನು ಅವಳು ಹುಟ್ಟಿದಾಗಿನಿಂದ ಕೇಳಿದವಳು, ಆದರೂ ಕಣ್ಣು ಒದ್ದೆಯಾಗಿತ್ತು. ನಿಜ ಹೇಳಬೇಕೆಂದರೆ ಆ ಸೊಸೆಯ ಕಥೆ ನನಗೂ ತಟ್ಟಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

'ಆಕಿ ಏನ ಕೇಳಿದಳ್ರಿ ಅಯ್ಯನವರ?' ಎಂದೆ.

'ಅದು ಅವನಿಗಷ್ಟ ಗೊತ್ತು ತಂಗಿ. ಮತ್ತ ಯಾರಿಗೂ ಕೇಳಸಲಿಲ್ಲ.'

'ಅಂವ ಏನ ಹೇಳಿದ?'

'ದೀಪದ ಕಡೆ ಹೂ ಕೊಟ್ಟ.'

ಪ್ರಶ್ನೆ ಯಾವುದೆಂದು ಗೊತ್ತಿಲ್ಲ, ಉತ್ತರ ಮಾತ್ರ ಗೊತ್ತಿದೆ! ಇದೆಂಥ ಕಥೆ ಎಂದು ನಾನು ಕಾಕಾನ ಮುಖ ನೋಡಿದೆ. ಅವರು ಇನ್ನೂ ಕೊಪ್ಪರಿಗೆಯಲ್ಲೇ ಇದ್ದರು.

ಬೇರೆಯವರ ಪ್ರಶ್ನೆಗಳು ಶುರುವಾದವು. ಒಬ್ಬ ರೈತ ಬಾವಿ ಎಲ್ಲಿ ತೋಡಲಿ ಎಂದು ಜಾಗದ ಹೆಸರು ಹೇಳಿ ಕೇಳಿದ. ಹೂ ದೀಪದ ಕಡೆ ಬಿತ್ತು. ಗಂಡಹೆಂಡಿರು ಮಗಳನ್ನು ಕೊಡುವ ವಿಷಯ ಕೇಳಿದರು, ದೀಪದ ಕಡೆ. ಒಬ್ಬ ಮುದುಕಿ ಮಗನಿಂದ ಬೇರೆಯಾಗಲೇ ಎಂದು ಕೇಳಿದಳು; ಹೂ ಕೂತೇ ಇತ್ತು, ಅವಳು ಇನ್ನೊಂದು ಸೋಮವಾರ ಬರುತ್ತೇನೆಂದು ಎದ್ದು ಹೋದಳು. ಎಡಗಡೆಗೆ ಒಂದೂ ಬೀಳಲಿಲ್ಲ. ನಾನು ಪಕ್ಕದಲ್ಲಿ ಕೂತ ಹೆಂಗಸನ್ನು ಕೇಳಿದೆ, 'ಎಡಗಡೆ ಬಿದ್ದದ್ದು ನೋಡೀರೇನ್ರಿ?' ಅವಳು ಕೆನ್ನೆ ಬಡಿದುಕೊಂಡು, 'ಬಿಡ್ತು ಅನ್ನವಾ. ನಮ್ಮ ಈಶ್ವರ ಭಾಳ ಮೆತ್ತಗಿನ ಮನಸಿನಾಂವ. ಇಲ್ಲ ಅನ್ನಾಕ ಬರೂದಿಲ್ಲ ಅವನಿಗೆ' ಎಂದಳು.

ನಾನು ಪೂಜಾರಿಯ ಕೈಯನ್ನೇ ನೋಡುತ್ತಿದ್ದೆ. ಹೂವಿಗೆ ಏನಾದರೂ ಹಚ್ಚುತ್ತಾನೆಯೇ? ಒಂದು ಪಕ್ಕಕ್ಕೆ ಇಡುತ್ತಾನೆಯೇ? ಇಲ್ಲ. ಕೈ ನಡುಗುವ ಮುದುಕ, ನೆತ್ತಿಯ ನಟ್ಟನಡುವೆ ಇಟ್ಟು ಹಿಂದೆ ಸರಿಯುತ್ತಿದ್ದ. ಅವನ ಕೈಯಲ್ಲಿ ಏನೂ ಸಿಗದೆ ನನ್ನ ಕಣ್ಣು ಮೇಲಕ್ಕೆ ಹೋಯಿತು. ಲಿಂಗದ ಮೇಲೆ ಸರಪಳಿಯಿಂದ ತಾಮ್ರದ ಪಾತ್ರೆ ತೂಗುತ್ತಿತ್ತು, ಅದರ ತಳದ ತೂತಿನಿಂದ ನೀರು ಹನಿ ಹನಿಯಾಗಿ ಬೀಳುತ್ತಿತ್ತು. ಹನಿ ನೆತ್ತಿಯ ನಡುವೆ ಬೀಳಬೇಕು. ಬೀಳುತ್ತಿರಲಿಲ್ಲ. ಪ್ರತಿಸಲವೂ ನೆತ್ತಿಯ ಎಡಕ್ಕೆ, ದೀಪವಿಲ್ಲದ ಬದಿಗೆ.

ನಮ್ಮ ಹಿತ್ತಲ ಗೋಡೆ ಬಿದ್ದಾಗ ಗೌಂಡಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಗೋಡೆಯ ಸೊಟ್ಟ ನೋಡಿದ್ದು ನೆನಪಾಯಿತು. ದಾರ ಸೊಟ್ಟಗಾಗುವುದಿಲ್ಲ, ಗೋಡೆಯೇ ಸೊಟ್ಟಗಾಗುವುದು. ಹನಿಯೂ ಹಾಗೇ. ಅಂದರೆ ನೆಲ ಕುಸಿದ ಕಡೆಗೆ ಲಿಂಗ ವಾಲಿದೆ. ಪೂಜಾರಿ ಅದನ್ನು ಬಾಯಿಬಿಟ್ಟು ಹೇಳಿಯೇ ಹೇಳಿದ, ಕಥೆ ಮಾಡಿ ಹೇಳಿದ. ವಾಲಿದ ನುಣ್ಣನೆಯ ಕಲ್ಲಿನ ಮೇಲೆ ಒದ್ದೆ ಹೂ ಇಟ್ಟರೆ ಅದು ಎತ್ತ ಹೋಗಬೇಕು? ಉಗುರಿನ ಮೇಲೆ ಹಾಲು ಹನಿಸಿ ನೋಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಗಳಿಗೆ ನನಗೆ ಎಂಥ ಸಂತೋಷವಾಯಿತೆಂದರೆ ಎದ್ದು ಕುಣಿಯಬೇಕು ಅನಿಸಿತು. ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಶಿರಗುಪ್ಪಿ ಸಂಬಂಧ ಒಪ್ಪಿಗೆಯೇ ಎಂದು ಅಜ್ಜಿ ಕೇಳುತ್ತಾಳೆ. ಹೂ ದೀಪದ ಕಡೆ ಬೀಳುತ್ತದೆ. ಬಿದ್ದೇ ಬೀಳುತ್ತದೆ. ದೇವರ ಮಾತು ಆಖೈರು. ಆಮೇಲೆ ನಾನು ಹನಿ, ದಾರ, ಗುಂಡು ಎಂದು ಎಷ್ಟು ಬಡಿದುಕೊಂಡರೂ ನಂಬುವವರು ಯಾರು? ದಾರಿಯುದ್ದಕ್ಕೂ ಕಾಕಾ ಆ ಮಾತನ್ನು ಅಷ್ಟು ಜತನದಿಂದ ಯಾಕೆ ಕಲಿಸಿದರೆಂದು ಆಗ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ನಾನು ತಿಳಿದೆ.

ಕಾಕಾ ಕಾಲು ತೊಳೆಯಲು ಬಾವಿಯ ಕಡೆ ಹೋದರು. ಪೂಜಾರಿ ಅವರಿಗೆ ನೀರು ಸೇದಿಕೊಡಲು ಹೋದ. ಇನ್ನು ನಂಬಬೇಕಾದರೆ ಅಜ್ಜಿಯೊಬ್ಬಳನ್ನೇ ನಂಬಬೇಕು. ಅವಳ ಕೈಹಿಡಿದು ಹೊಸ್ತಿಲ ಹತ್ತಿರ ಕರೆದುಕೊಂಡು ಹೋದೆ.

'ಅಜ್ಜಿ, ಆ ಹನಿ ಎಲ್ಲಿ ಬೀಳಾಕತ್ತೇತಿ ನೋಡು.'

'ದೇವರ ಮ್ಯಾಲ. ಮತ್ತೆಲ್ಲಿ?'

'ನಡುವ ಬೀಳಾಕತ್ತೇತೇನು?'

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. 'ಅಂವ ಬಾಗ್ಯಾನಲ್ಲ, ಅದಕ್ಕ. ಕತಿ ಕೇಳಲಿಲ್ಲೇನು?'

'ಅದನ್ನ ನಾನೂ ಅನ್ನಾಕತ್ತೇನಿ. ಬಾಗಿದಾಂವನ ತಲಿ ಮ್ಯಾಲಿನ ಹೂ ಎತ್ತಾಗ ಬೀಳತೈತಿ?'

'ಸಾಕ ಮಾಡು. ಗುಡ್ಯಾಗ ನಿಂತು ಏನ ಮಾತಾಡಾಕತ್ತಿ!' ಎಂದು ಅವಳು ಗದರಿದಳು. ನಾನು ಬಿಡಲಿಲ್ಲ. ಬುಟ್ಟಿಯಿಂದ ಒಂದು ಕಣಗಿಲ ಹೂ ತೆಗೆದು ತಂಬಿಗೆಯ ನೀರಿನಲ್ಲಿ ಅದ್ದಿದೆ. ಅಜ್ಜಿಯ ಬಲಗೈಯನ್ನು ಮುಷ್ಟಿ ಕಟ್ಟಿಸಿ, ಅದರ ಮೇಲೆ ಹೂವಿಟ್ಟು, ಮುಷ್ಟಿಯನ್ನು ಒಂದಿಷ್ಟೇ ವಾಲಿಸಿದೆ. ಹೂ ಜಾರಿ ಬಿತ್ತು. ಮತ್ತೆ ಇಟ್ಟೆ. ಮತ್ತೆ ಅದೇ ಕಡೆ.

 ಅಜ್ಜಿ ತಾನೇ ಹೂವನ್ನು ಎತ್ತಿ ಮುಷ್ಟಿಯ ಮೇಲಿಟ್ಟುಕೊಂಡಳು. ಕೈಯನ್ನು ಇನ್ನೊಂದು ಕಡೆಗೆ ವಾಲಿಸಿದಳು. ಹೂ ಆ ಕಡೆ ಬಿತ್ತು. ಅವಳು ಬಿದ್ದ ಹೂವನ್ನು ನೋಡಿದಳು, ಆಮೇಲೆ ತಾಮ್ರದ ಪಾತ್ರೆಯನ್ನು, ಆಮೇಲೆ ದೇವರನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಬಂಗಾರವೆಂದು ತಂದದ್ದನ್ನು ಅಕ್ಕಸಾಲಿಗ ಉಜ್ಜಿ ನೋಡುವಾಗ ಎದುರು ಕೂತವರ ಮುಖ ಹೇಗಿರುತ್ತದೋ ಹಾಗಿತ್ತು.

'ಅಜ್ಜಿ, ನೀ ಬ್ಯಾರೆ ರೀತಿ ಕೇಳು. ಟ್ರೇನಿಂಗಿನ ಮಾತ ಕೇಳು' ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.  ಅಷ್ಟರಲ್ಲಿ ಕಾಕಾ ಒದ್ದೆ ಕಾಲಿನಲ್ಲಿ ಮಂಟಪ ಹತ್ತಿ ಬಂದರು.

ಪೂಜಾರಿ ಹೂವಿಟ್ಟು ಹಿಂದೆ ಸರಿದ. ಅಜ್ಜಿ ಸೆರಗು ಹೊದ್ದು ಹೊಸ್ತಿಲ ಮುಂದೆ ನಿಂತಳು. ಕಾಕಾ ಅವಳ ಹಿಂದೆ, ನಾನು ಕಾಕಾನ ಹಿಂದೆ. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ಬಾಯಿ ತೆರೆದಾಗ ಮಂಟಪದ ಆಚೆ ಕೂತವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು ಮಾತು.

'ಅಪ್ಪಾ, ಈ ನನ್ನ ಮೊಮ್ಮಗಳು ಟ್ರೇನಿಂಗಿಗೆ ಹೋಗಿ ಮಾಸ್ತರಕಿ ಆಗೂದು ನಿನಗ ಒಪ್ಪಿಗಿ ಇದ್ದರ, ದೀಪದ ಕಡಿ ಹೂ ಕೊಡು.'

'ಅವ್ವಾ, ಹಂಗಲ್ಲ...' ಎಂದು ಕಾಕಾ ಮುಂದೆ ಬಂದರು. ಪೂಜಾರಿ ಕಾಕಾನ ಮುಖ ನೋಡಿದ. ಆಮೇಲೆ ಕೈ ಎತ್ತಿ, 'ಒಮ್ಮಿ ಕೇಳಿದ ಮ್ಯಾಲ ಮಾತ ತಿರಗಸಬಾರದ್ರಿ ಸಾವಕಾರ್ರ' ಎಂದ. ಅಂದರೆ ಕಾಕಾ ಅವನಿಗೆ ಏನೂ ಕೊಟ್ಟಿರಲೇ ಇಲ್ಲವೋ, ಅಥವಾ ಕೊಟ್ಟದ್ದು ಸಾಲದಾಗಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ.

ಹೂ ಕೂತಿತ್ತು. ಹನಿ ಬಿತ್ತು, ಇನ್ನೊಂದು ಹನಿ ಬಿತ್ತು. ಕೂತೇ ಇತ್ತು. ನನ್ನ ಹನಿ, ನನ್ನ ದಾರ, ನನ್ನ ಗುಂಡು ಎಲ್ಲ ಮರೆತು, ಆ ಗಳಿಗೆಯಲ್ಲಿ ನಾನು ಕಣ್ಣು ಮುಚ್ಚಿ 'ಅಪ್ಪಾ ಈಶ್ವರಾ' ಎಂದೆ. ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಕಣ್ಣು ಬಿಟ್ಟಾಗ ಹೂ ದೀಪದ ಕಡೆ ನೆಲದ ಮೇಲಿತ್ತು.

 ಕಾಕಾ ಬಗ್ಗಿ ಆ ಹೂವನ್ನು ಪೂಜಾರಿಯಿಂದ ಈಸಿಕೊಂಡು ಕಣ್ಣಿಗೊತ್ತಿಕೊಂಡು, ನನ್ನ ಕೈಯಲ್ಲಿಟ್ಟರು. 'ಆಖೈರು ಅಂತ ನಾನ ಅಂದೇನಿ' ಎಂದರು. ಅವರ ಮುಖದಲ್ಲಿ ಸೋಲಿತ್ತು, ಕಪಟ ಕಾಣಲಿಲ್ಲ, ನಾನು ಹುಡುಕಿದೆ. ಬಾವಿಯ ಹತ್ತಿರ ಬುತ್ತಿ ಬಿಚ್ಚಿದಾಗ ಅವರು ಒಂದೇ ರೊಟ್ಟಿ ತಿಂದು ಕೈ ತೊಳೆದರು. ನಾನು ಊಟ ಬಿಟ್ಟ ದಿನಗಳದ್ದೆಲ್ಲ ಸೇರಿಸಿ ತಿಂದೆ. ಅಜ್ಜಿ ಮೊಸರನ್ನಷ್ಟು ಬಾಯಿಗೆ ಹಾಕಿಕೊಂಡಳು.

ಮರಳಿ ಹೊರಟೆವು. ಕಾಕಾ ಮುಂದೆ ಗಾಡಿಯವನ ಪಕ್ಕ ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಹೊದ್ದು ತೂಕಡಿಸುತ್ತಿದ್ದರು. ನಾನು ಒಳಗೆ ಕೂತು ಟ್ರೇನಿಂಗಿನ ಕನಸು ಕಾಣುತ್ತಿದ್ದೆ. ಅಜ್ಜಿ ಬಲಗೈ ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಗಾಡಿ ವಾಲಿದಾಗಲೆಲ್ಲ ಅದನ್ನೇ ನೋಡುತ್ತಿದ್ದಳು. ಕೆಲಗೇರಿ ಕೆರೆ ಹತ್ತಿರವಾಯಿತು. ಬೆಳಗ್ಗೆ ಇಳಿಬಿಟ್ಟ ಪರದೆಗಳು ಹಾಗೇ ಇದ್ದವು. ಅಜ್ಜಿ ಕೈಚಾಚಿ ಕೆರೆಯ ಕಡೆಯದನ್ನು ಎತ್ತಿ ಕಮಾನಿನ ಬಿದಿರಿಗೆ ಸಿಕ್ಕಿಸಿದಳು.

'ಆ ಹುಣಸಿಗಿಡದ ಬಾಜೂಕ ಒಂದು ಮನಿ ಐತೆಲ್ಲ' ಎಂದಳು.

ನೋಡಿದೆ. ಸಾದಾ ಮಣ್ಣಿನ ಮನೆ, ಮುಂದೆ ಕಟ್ಟೆ. ಕಟ್ಟೆಯ ಮೇಲೆ ಒಬ್ಬ ಮುದುಕ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ.

'ನಮ್ಮಪ್ಪನ ಕಡೆ ಆವಾಗ ಎರಡು ಮಾತ ಬಂದಿದ್ದುವು. ಒಂದು ನಿಮ್ಮಜ್ಜನ ಮನಿದು. ಇನ್ನೊಂದು ಈ ಮನಿದು.' ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. 'ನಮ್ಮಪ್ಪ ನಿಮ್ಮಜ್ಜನ ಮನಿ ಹೆಸರು ಮೊದಲ ತಗೊಂಡು ಕೇಳಿದ. ದೊಡ್ಡ ಮನಿ ಅಂತ. ಹೂ ಬಲಕ್ಕ ಬಿತ್ತು. ಎರಡನೇ ಹೆಸರು ಕೇಳೂದ ಬರಲಿಲ್ಲ.'

ನಾನು ಮುಂದೆ ಕೂತ ಕಾಕಾನ ಬೆನ್ನು ನೋಡಿದೆ. ಅವರು ತೂಕಡಿಸುತ್ತಲೇ ಇದ್ದರು. ಅಜ್ಜಿ ನನ್ನ ಕಡೆ ತಿರುಗಿದಳು. ಬೆವರಿಗೆ ವಿಭೂತಿ ಕರಗಿ ಹುಬ್ಬಿನ ಮೇಲಿನ ಬಿಳಿ ಕಲೆ ಪೂರಾ ಕಾಣುತ್ತಿತ್ತು.

'ಈ ಮನಿ ಹೆಸರು ಮೊದಲ ತಗೊಂಡಿದ್ರ?' ಎಂದು ಕೇಳಿದಳು. 'ಅವಾಗನೂ ಬಲಕ್ಕ ಬೀಳತಿತ್ತಲ್ಲ?'

ಎಲ್ಲದಕ್ಕೂ ಬಾಯಿ ಮುಂದೆ ಮಾಡುವವಳು ನಾನು. ಆವಾಗ ನೆಲ ಇಷ್ಟು ಕುಸಿದಿರಲಿಲ್ಲವೇನೋ, ಲಿಂಗ ಆಮೇಲೆ ವಾಲಿರಬಹುದು ಎಂದು ಒಂದು ಸುಳ್ಳು ಬಾಯಿಯ ತುದಿಗೆ ಬಂತು. ಆದರೆ ಲಿಂಗ ತಲೆಬಾಗಿಸಿದ ಆ ಕಥೆ ಅವಳ ಅಜ್ಜಿಗಿಂತ ಹಳೆಯದು, ಅದು ಅವಳಿಗೂ ಗೊತ್ತಿತ್ತು.

'ಹೂಂ ಅಜ್ಜಿ, ಬೀಳತಿತ್ತು' ಎಂದೆ.

ಅವಳು ತಲೆಯಾಡಿಸಿದಳು. ಕೆರೆ ಮುಗಿಯುವವರೆಗೂ ಪರದೆ ಇಳಿಸಲಿಲ್ಲ. ಊರು ಹತ್ತಿರವಾದಾಗ, ಟ್ರೇನಿಂಗಿಗೆ ಹೋಗುವವಳಿಗೆ ಎರಡು ಇಳಕಲ್ ಸೀರೆಯಾದರೂ ಬೇಕು, ತನ್ನ ಪೆಟ್ಟಿಗೆಯಲ್ಲಿ ಒಂದಿದೆ, ಇನ್ನೊಂದನ್ನು ಕಾಕಾ ಕೊಡಿಸಲಿ ಎಂದಳು.

ನಾನು ಟ್ರೇನಿಂಗಿಗೆ ಹೋದೆ, ಮಾಸ್ತರಕಿಯಾದೆ. ಅಜ್ಜಿ ಆಮೇಲೆಯೂ ಬಹಳ ವರ್ಷ ಬದುಕಿದಳು. ವಿಭೂತಿ ಬಿಡಲಿಲ್ಲ, ಸೋಮವಾರದ ಒಪ್ಪತ್ತು ಬಿಡಲಿಲ್ಲ, ಆ ಗುಡಿಗೆ ಹೋಗುವವರು ಸಿಕ್ಕರೆ ದೀಪದ ಎಣ್ಣೆ ಕಳಿಸುವುದನ್ನೂ ಬಿಡಲಿಲ್ಲ. ಒಂದು ಮಾತನ್ನು ಮಾತ್ರ ಬದಲಿಸಿದಳು. ಹಳೆಯ ದಿನಗಳ ವಿಷಯ ಬಂದು, ಅಜ್ಜನ ಸಿಟ್ಟು, ತಂಬಿಗೆ, ಹೊಸ್ತಿಲು ಎಂದು ಯಾರಾದರೂ ತೆಗೆದರೆ ಅವಳು ಮೊದಲಿನ ಹಾಗೆ 'ದೇವರು ಕೊಟ್ಟ ಮನಿ' ಅನ್ನುತ್ತಿರಲಿಲ್ಲ.

'ನಮ್ಮಪ್ಪ ಕೊಟ್ಟ ಮನಿ' ಅನ್ನುತ್ತಿದ್ದಳು.